ಸಮುದ್ರ ಎಡಗಡೆ ಬರಬೇಕು: ಕಾಕಾ–ಕಾಕು ಕರಾವಳಿ ನೋಡಿ ಬಂದ ಪೂರ್ತಿ ಕತೆ

ಕಾಕಾ ಅಂದರೆ ನನ್ನ ಚಿಕ್ಕಪ್ಪ, ಅವರಿಗೆ 72 ವರ್ಷ; ಕಾಕು ಅಂದರೆ ಚಿಕ್ಕಮ್ಮ, ಅವರಿಗೆ 67. ಬಾಗಲಕೋಟೆಯ ನವನಗರದಲ್ಲಿ ಇಬ್ಬರೇ ಇರುತ್ತಾರೆ. ಕಾಕಾ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದವರು. ಸೊಲ್ಲಾಪುರ, ರಾಯಚೂರು, ಹುಬ್ಬಳ್ಳಿ ಅಂತ ಮೂವತ್ತು ವರ್ಷ ಬಸ್ಸು ಓಡಿಸಿದ್ದಾರೆ, ಆದರೆ ಸಮುದ್ರದ ಕಡೆ ಡ್ಯೂಟಿ ಒಮ್ಮೆಯೂ ಬೀಳಲಿಲ್ಲ. ಕಾಕು ಸಮುದ್ರ ನೋಡಿದ್ದು ಟಿವಿಯಲ್ಲಿ ಮಾತ್ರ. ಹೋದ ದೀಪಾವಳಿಗೆ ಮನೆಗೆ ಹೋದಾಗ ಕಾಕು ಕರದಂಟಿನ ತಟ್ಟೆ ಮುಂದಿಟ್ಟು, "ತಮ್ಮಾ, ಕಾಲು ಪೂರ್ತಿ ಕೈಕೊಡೂಕಿಂತ ಮೊದಲ ಒಮ್ಮೆ ಸಮುದ್ರ ತೋರಸ್ಕೊಂಡು ಬಾ" ಅಂದರು. ಅಲ್ಲಿಂದ ಶುರುವಾಯಿತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದೆ. ನಮ್ಮ ಕಡೆ, ಅಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ, ತಂದೆ-ತಾಯಿಯನ್ನು ಕರಾವಳಿಗೆ ಕರೆದುಕೊಂಡು ಹೋಗಬೇಕು ಅಂತ ಆಸೆ ಇರುವವರು ಬಹಳ ಜನ. ಆದರೆ ಪ್ಲಾನ್ ಮಾತ್ರ ಮೂವತ್ತು ವರ್ಷದವರ ಲೆಕ್ಕದಲ್ಲಿ ಮಾಡುತ್ತೇವೆ. ನಾನೂ ಮೊದಲು ಹಾಗೇ ಮಾಡಿದೆ. ಅದನ್ನು ಹೇಗೆ ಕೆಡವಿ ಮತ್ತೆ ಕಟ್ಟಿದೆವು ಅನ್ನುವುದೇ ಈ ಪ್ರಕರಣ.

ಇಬ್ಬರ ಪರಿಸ್ಥಿತಿ

ಕಾಕಾಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಬೆಳಗ್ಗೆ ತೆಗೆದುಕೊಳ್ಳುವ ಗುಳಿಗೆಗಳಲ್ಲಿ ಒಂದು ಮೂತ್ರ ಜಾಸ್ತಿ ಮಾಡಿಸುವಂಥದ್ದು. ಅದನ್ನು ನುಂಗಿದ ಮೇಲೆ ಎರಡು-ಮೂರು ತಾಸು ಅವರಿಗೆ ಪದೇ ಪದೇ ಇಳಿಯಬೇಕಾಗುತ್ತದೆ. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಹಾಗಾಗಿ ಸ್ಟೇರಿಂಗ್ ಹಿಡಿಯುವುದಿಲ್ಲ. ಕಾಕುಗೆ ಎರಡೂ ಮಂಡಿ ಸವೆದಿವೆ. ಸಮ ನೆಲದಲ್ಲಿ ನಿಧಾನಕ್ಕೆ ಅರ್ಧ ತಾಸು ನಡೆಯುತ್ತಾರೆ. ಮೆಟ್ಟಿಲು ಹತ್ತಬಲ್ಲರು, ಇಳಿಯುವುದೇ ಕಷ್ಟ. ನೆಲದ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಜೊತೆಗೆ ಘಾಟಿನ ತಿರುವಿನಲ್ಲಿ ಹೊಟ್ಟೆ ತೊಳಸುತ್ತದೆ.

ಆಸೆ ಏನು ಅಂತ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಜೊತೆಗೆ ಕೇಳಿದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ಹೂಂ, ಅದs ಸಾಕು" ಅಂದುಬಿಡುತ್ತಾರೆ. ಕಾಕು ಹೇಳಿದ್ದು ಮೂರು: ಕೊಲ್ಲೂರು ಮೂಕಾಂಬಿಕೆ, ಗೋಕರ್ಣದ ಆತ್ಮಲಿಂಗ, ಸಮುದ್ರದಲ್ಲಿ ಸೂರ್ಯ ಮುಳುಗುವುದು. ಕಾಕಾ ಹೇಳಿದ್ದು ಒಂದೇ. ಸಮುದ್ರದ ಪಕ್ಕದಲ್ಲೇ ರಸ್ತೆ ಓಡುತ್ತದಲ್ಲ, ಅದರ ಮೇಲೆ ಹೋಗಬೇಕು, ಸಾವಕಾಶ ಹೋಗಬೇಕು.

ಮೊದಲ ಪ್ಲಾನ್ ಯಾಕೆ ಬಿತ್ತು

ನಾನು ಮೊದಲು ಬರೆದದ್ದು ನಾಲ್ಕು ದಿನದ ಪ್ಲಾನ್. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಇಳಿದು ಕಾರವಾರ, ಗೋಕರ್ಣ, ಯಾಣ, ಮಿರ್ಜಾನ್ ಕೋಟೆ, ಮುರ್ಡೇಶ್ವರ, ಮರವಂತೆ, ಉಡುಪಿ, ಮಲ್ಪೆ, ಕೊಲ್ಲೂರು, ಜೋಗ. ಹಾಳೆಯ ಮೇಲೆ ಚೆಂದ ಕಾಣುತ್ತಿತ್ತು. ಕಾಕಾ ಕನ್ನಡಕ ಹಾಕಿಕೊಂಡು ಓದಿದರು. ಓದಿ ಎರಡು ಮಾತು ಹೇಳಿದರು. ಇಡೀ ಪ್ರವಾಸ ಆ ಎರಡು ಮಾತಿನಿಂದ ಬದಲಾಯಿತು.

ಮೊದಲನೆಯದು: "ಇದರಾಗ ಕುಂತು ನೋಡೂ ಟೈಮ್ ಎಲ್ಲೈತಿ?"

ಎರಡನೆಯದಕ್ಕೆ ಮೂವತ್ತು ವರ್ಷದ ಡ್ರೈವರಿಕೆ ಬೇಕಿತ್ತು. "ತಮ್ಮಾ, ನೀ ಬಲಕ್ಕ ಕುಂತು ಗಾಡಿ ಹೊಡೀತಿ. ನಾವಿಬ್ರೂ ಎಡಗಡೆ ಕುಂದರತೀವಿ. ಉತ್ತರದಿಂದ ದಕ್ಷಿಣಕ್ಕ ಹೊಂಟ್ರ ಸಮುದ್ರ ಬಲಕ್ಕ ಬರತೈತಿ. ನಡುವ ಎದುರು ಗಾಡಿ, ಡಿವೈಡರ್. ನಮಗೇನ್ ಕಾಣ್ತೈತಿ? ಸಮುದ್ರ ಎಡಗಡೆ ಬರಬೇಕಂದ್ರ ಕೆಳಗಿಂದ ಮ್ಯಾಲ ಬರಬೇಕು."

ಎಷ್ಟು ಸರಳ, ಅಲ್ವಾ? ನಕ್ಷೆ ತೆಗೆದು ನೋಡಿ. ನಮ್ಮ ಸಮುದ್ರ ಪಶ್ಚಿಮಕ್ಕೆ. ನಾವು ಗಾಡಿ ಓಡಿಸುವುದು ರಸ್ತೆಯ ಎಡಕ್ಕೆ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ನಾವು ಸಮುದ್ರದ ಪಕ್ಕದ ಪಥದಲ್ಲೇ ಇರುತ್ತೇವೆ. ನೋಡುವುದಷ್ಟೇ ಅಲ್ಲ, ನಿಲ್ಲುವುದೂ ಸುಲಭ. ಎಲ್ಲಿ ಬೇಕೋ ಅಲ್ಲಿ ಎಡಕ್ಕೆ ಸರಿದು ನಿಂತರೆ ಬಾಗಿಲು ತೆರೆಯುವುದೇ ಸಮುದ್ರದ ಕಡೆಗೆ. ದಕ್ಷಿಣಕ್ಕೆ ಹೋಗುವಾಗ ಆದರೆ ಯು-ಟರ್ನ್ ಹುಡುಕಬೇಕು, ಇಲ್ಲವೇ ಮಂಡಿನೋವಿನವರನ್ನು ನಾಲ್ಕು ಪಥದ ಹೆದ್ದಾರಿ ದಾಟಿಸಬೇಕು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಲಾರಿ, ವೋಲ್ವೋ ಬರುವ ವೇಗ ನೋಡಿದವರಿಗೆ ಅದರ ಅರ್ಥ ಗೊತ್ತು.

ಅದರ ಜೊತೆಗೆ ಇನ್ನೊಂದು ಸತ್ಯ ಹೇಳಬೇಕು. ಕರಾವಳಿ ಹೆದ್ದಾರಿ ಅಂದರೆ ಉದ್ದಕ್ಕೂ ಸಮುದ್ರ ಕಾಣುತ್ತದೆ ಅಂತ ನಮ್ಮ ಕಡೆಯವರು ತಿಳಿದಿರುತ್ತಾರೆ. ಹಾಗಿಲ್ಲ. ಹೆಚ್ಚು ಕಡೆ ತೆಂಗಿನ ತೋಟ, ಮನೆ, ಗುಡ್ಡ, ಊರು. ನಾವು ಹೋಗುವ ದಾರಿಯಲ್ಲಿ ರಸ್ತೆಗೆ ಅಂಟಿಕೊಂಡೇ ಸಮುದ್ರ ಸಿಗುವುದು ತ್ರಾಸಿ–ಮರವಂತೆಯಲ್ಲಿ. ಉಳಿದಂತೆ ನದಿ ದಾಟುವ ದೊಡ್ಡ ಸೇತುವೆಗಳ ಮೇಲೆ ನೀರಿನ ನೋಟ ಚೆನ್ನಾಗಿ ಸಿಗುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ದಾರಿಯಲ್ಲಿ "ಎಲ್ಲೋ ಸಮುದ್ರ?" ಅನ್ನುವ ಬೇಸರ ಇರುವುದಿಲ್ಲ. ಸಿಗುವ ಆ ಒಂದು ತುಂಡು ರಸ್ತೆಗೆ ಅರ್ಧ ದಿನ ಇಟ್ಟೆವು.

ಕೆಳಗೆ ಹೋಗುವುದು ಹೇಗೆ

ಕೆಳಗಿಂದ ಮೇಲೆ ಬರಬೇಕಾದರೆ ಮೊದಲು ಕೆಳಗೆ ಹೋಗಬೇಕು. ಶಿವಮೊಗ್ಗ, ಆಗುಂಬೆ ಮೇಲೆ ಇಳಿಯಬಹುದು, ಆದರೆ ಆಗುಂಬೆ ಘಾಟಿನ ಹದಿನಾಲ್ಕು ತಿರುವು ಕಾಕುಗೆ ಆಗುವುದಿಲ್ಲ. ವಿಜಯಪುರದಿಂದ ಬಾಗಲಕೋಟೆ ಮೇಲೆ ಮಂಗಳೂರಿಗೆ ರೈಲು ಇದೆ, ಅದನ್ನೂ ಯೋಚಿಸಿದೆವು. ರಾತ್ರಿ ರೈಲಿನ ಶೌಚಾಲಯ ಕಾಕಾಗೆ ಬೇಡ ಅನ್ನಿಸಿತು. ಅಲ್ಲಿ ಇಳಿದ ಮೇಲೆ ಹೊಸ ಕಾರು, ಹೊಸ ಡ್ರೈವರ್, ಅದೂ ಬೇಡ.

ಕೊನೆಗೆ ಸಿಕ್ಕಿದ್ದು ಸಿಗಂದೂರು ದಾರಿ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಅದಕ್ಕೆ ಮೊದಲು ಇಲ್ಲಿ ಲಾಂಚ್‌ನಲ್ಲಿ ಗಾಡಿ ಸಮೇತ ದಾಟಬೇಕಿತ್ತು. ರಜೆ ದಿನ ಬಿಸಿಲಲ್ಲಿ ಸಾಲು ನಿಲ್ಲಬೇಕಿತ್ತು. ಈಗ ಸಾಗರದಿಂದ ಸಿಗಂದೂರು, ತುಮರಿ ಮೇಲೆ ಸೀದಾ ಕೊಲ್ಲೂರಿಗೆ ಇಳಿಯಬಹುದು. ಇಲ್ಲೂ ಘಾಟ್ ಇದೆ, ಆದರೆ ಆಗುಂಬೆಯಷ್ಟು ಸುತ್ತಿಸುವುದಿಲ್ಲ. ಕಾಕುಗೆ ಸಿಗಂದೂರಿನ ಚೌಡೇಶ್ವರಿ ದರ್ಶನವೂ ಆಗುತ್ತದೆ.

ಹಾಗಾಗಿ ಕೊನೆಯ ದಾರಿ ಹೀಗಾಯಿತು. ಬಾಗಲಕೋಟೆ, ಹುಬ್ಬಳ್ಳಿ, ಮುಂಡಗೋಡ, ಶಿರಸಿ. ಅಲ್ಲಿಂದ ಸಾಗರ, ಸಿಗಂದೂರು, ಕೊಲ್ಲೂರು. ಅಲ್ಲಿಂದ ಮರವಂತೆ, ಮುರ್ಡೇಶ್ವರ, ಹೊನ್ನಾವರ, ಗೋಕರ್ಣ. ಅಂಕೋಲಾದಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಮನೆ. ಒಟ್ಟು 850 ಕಿಲೋಮೀಟರ್ ಆಸುಪಾಸು. ನಾಲ್ಕು ದಿನ ಹೋಗಿ ಆರು ರಾತ್ರಿ, ಏಳು ದಿನ ಆಯಿತು. ಕಾರವಾರ, ಯಾಣ, ಮಿರ್ಜಾನ್, ಉಡುಪಿ, ಮಲ್ಪೆ, ಜೋಗ ಎಲ್ಲ ಹೊಡೆದು ಹಾಕಿದೆವು. ಉಡುಪಿ ಬಿಟ್ಟದ್ದಕ್ಕೆ ಕಾಕುಗೆ ಸ್ವಲ್ಪ ನೋವಾಯಿತು. ಆದರೆ ಜನವರಿ 18ಕ್ಕೆ ಅಲ್ಲಿ ಪರ್ಯಾಯ, ಎರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಹಬ್ಬ. ಅದರ ಹಿಂದೆ-ಮುಂದೆ ಜನಸಂದಣಿ ಇರುತ್ತದೆ ಅಂದಾಗ ಅವರೇ "ಬ್ಯಾಡ ಬಿಡು" ಅಂದರು. ಜೋಗದಲ್ಲಿ ಜನವರಿ ಹೊತ್ತಿಗೆ ನೀರು ತೆಳ್ಳಗಾಗಿರುತ್ತದೆ. ಯಾಣ ಮೆಟ್ಟಿಲಿನ ಊರು.

ಇನ್ನು ಯಾವಾಗ ಹೋಗುವುದು ಅನ್ನುವುದು. ಕಾಕಾಗೆ ಮಳೆಗಾಲದ ಸಮುದ್ರ ನೋಡುವ ಆಸೆ ಇತ್ತು. ನಾನು ಗಟ್ಟಿಯಾಗಿ ಬೇಡ ಅಂದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲಿದ್ದವರು ಜೀವ ಕಳೆದುಕೊಂಡರು. ಅದೇ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ವಯಸ್ಸಾದವರನ್ನು ಕರೆದುಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟ್ ಇಳಿಯುವುದು ಬೇಡವೇ ಬೇಡ. ಏಪ್ರಿಲ್, ಮೇ ಬಂದರೆ ಸೆಕೆ. ನಮ್ಮವರು "ನಾವು ನಲವತ್ತು ಡಿಗ್ರಿ ತಡಕೊಂಡವರು" ಅನ್ನುತ್ತಾರೆ. ಆದರೆ ನಮ್ಮದು ಒಣ ಬಿಸಿಲು. ಅಲ್ಲಿ ಮೂವತ್ತಮೂರು ಡಿಗ್ರಿಗೇ ಮೈ ಬೆವರು ಆರುವುದಿಲ್ಲ, ಉಸಿರು ಕಟ್ಟಿದಂತಾಗುತ್ತದೆ. ಡಿಸೆಂಬರ್ ತುಂಬ ಶಾಲಾ ಪ್ರವಾಸದ ಬಸ್ಸು. ಸಂಕ್ರಾಂತಿ ಆಗಬೇಕು, ಬಾದಾಮಿ ಬನಶಂಕರಿ ಜಾತ್ರೆಗೆ ಬಂದ ನೆಂಟರು ಹೋಗಬೇಕು, ಗಣರಾಜ್ಯೋತ್ಸವದ ರಜೆ ಮುಗಿಯಬೇಕು, ಶಿವರಾತ್ರಿಗೆ ಗೋಕರ್ಣ, ಮುರ್ಡೇಶ್ವರ ತುಂಬುವ ಮೊದಲು ಬರಬೇಕು. ಎಲ್ಲ ಕೂಡಿಸಿ ಕಳೆದರೆ ಉಳಿದದ್ದು 2026ರ ಜನವರಿ 27, ಮಂಗಳವಾರ ಹೊರಡುವುದು.

ಹೊರಡುವ ಮುಂಚೆ

ಇಬ್ಬರನ್ನೂ ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ದಿನಕ್ಕೆ ಎಷ್ಟು ತಾಸು ಕಾರಿನಲ್ಲಿ ಕೂರುತ್ತಾರೆ ಅಂತ ಬರೆದ ಹಾಳೆ ತೋರಿಸಿದೆ. ಇದನ್ನು ಎಲ್ಲರೂ ಮಾಡಬೇಕು. ಕಾಕಾಗೆ ಮೂತ್ರದ ಗುಳಿಗೆಯನ್ನು ಪ್ರಯಾಣದ ದಿನ ಊರು ತಲುಪಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಲು ಹೇಳಿದರು. ನಾವೇ ಹೀಗೆ ಹೊತ್ತು ಬದಲಿಸಬಾರದು, ಡಾಕ್ಟರೇ ಹೇಳಬೇಕು. ಎಳನೀರಿನ ಬಗ್ಗೆಯೂ ಎಚ್ಚರ ಹೇಳಿದರು. ಬಿಪಿಯ ಕೆಲವು ಗುಳಿಗೆಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಎಳನೀರಿನಲ್ಲೂ ಅದು ಜಾಸ್ತಿ. ಹಾಗಾಗಿ ಕರಾವಳಿಗೆ ಬಂದೆವು ಅಂತ ದಿನಕ್ಕೆ ನಾಲ್ಕು ಕುಡಿಯುವುದು ಬೇಡ, ಒಂದು ಸಾಕು ಅಂದರು. ಈ ಮಾತು ನನಗೆ ಗೊತ್ತೇ ಇರಲಿಲ್ಲ.

ಕಾರು ಆರಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ನನ್ನದು ತಗ್ಗು ಸೀಟಿನ ಕಾರು. ಕಾಕು ಅದರಿಂದ ಏಳುವಾಗ ಇಡೀ ಭಾರ ಮಂಡಿಯ ಮೇಲೆ ಬೀಳುತ್ತಿತ್ತು. ಗೆಳೆಯನ ದೊಡ್ಡ ಗಾಡಿಗೆ ಹತ್ತಲು ಮೆಟ್ಟಿಲು ಬೇಕು. ಕೊನೆಗೆ ಮೈದುನನ ಎರ್ಟಿಗಾ ಸರಿಹೋಯಿತು. ನಿಂತವರು ಹಾಗೇ ಹಿಂದಕ್ಕೆ ಸರಿದು ಕೂರುವಷ್ಟು ಎತ್ತರ. ಮನೆ ಮುಂದೆ ಐದು ಸಲ ಹತ್ತಿಸಿ ಇಳಿಸಿ ನೋಡಿದೆವು. ಕಾಕಾ ಮುಂದೆ ಎಡಕ್ಕೆ, ಕಾಕು ಅವರ ಹಿಂದೆ ಎಡಕ್ಕೆ. ನನ್ನ ಹೆಂಡತಿ ಕಾಕು ಪಕ್ಕ.

ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಲಿಲ್ಲ, ಎಷ್ಟು ತಾಸು ಅಂತ ಹಾಕಿದೆವು. ಘಾಟಿನಲ್ಲಿ ತಾಸಿಗೆ ಮೂವತ್ತು ಕಿಲೋಮೀಟರ್ ಹೋದರೆ ದೊಡ್ಡದು. ಕಾರಿನೊಳಗೆ ದಿನಕ್ಕೆ ಐದು ತಾಸು ಮೀರಬಾರದು, ಒಂದೂವರೆ ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಬಹಳ ಹೊತ್ತು ಕಾಲು ಜೋತುಬಿಟ್ಟು ಕೂತರೆ ಬಾವು ಬರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ನಿಲ್ಲುವ ಜಾಗ ಅಂದರೆ ಕಮೋಡ್ ಇರುವ ಶೌಚಾಲಯದ ಜಾಗ ಅಂತಲೇ ಅರ್ಥ. ಅವುಗಳನ್ನು ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಕೊಂಡೆ. ಸಿಗಂದೂರು–ಕೊಲ್ಲೂರು ನಡುವೆ, ಅರಬೈಲ್ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ನಕ್ಷೆಯನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡೆ.

ದಾರಿಯಲ್ಲಿ

ಮೊದಲ ದಿನ ಬೆಳಗ್ಗೆ ತಿಂಡಿ ತಿಂದು ಏಳೂವರೆಗೆ ಬಿಟ್ಟೆವು. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಹೊರಡಿಸುವ ಚಟ ನಮ್ಮಲ್ಲಿದೆ. ವಯಸ್ಸಾದವರಿಗೆ ಅದು ಇಡೀ ದಿನ ಕೆಡಿಸುತ್ತದೆ. ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ. ಎರಡೂ ಕಡೆ ಎರೆಹೊಲ, ಕಡಲೆ, ಜೋಳ. ಕಾಕಾಗೆ ಈ ರಸ್ತೆಯ ಒಂದೊಂದು ತಿರುವೂ ಗೊತ್ತು. ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿ ಊಟ, ಒಂದು ತಾಸು ಮಲಗು. ಮುಂಡಗೋಡ ದಾಟಿದ ಮೇಲೆ ಕಾಡು ಶುರು. ಸಂಜೆ ಶಿರಸಿ.

ಎರಡನೇ ದಿನ ಸಾಗರ ದಾಟಿ ಸೇತುವೆಗೆ ಬಂದಾಗ ಹನ್ನೊಂದು ಗಂಟೆ ಇರಬೇಕು. ಅಲ್ಲಿ ನಡೆದದ್ದು ನನ್ನ ಪ್ಲಾನಿನಲ್ಲಿ ಇರಲಿಲ್ಲ. ಸೇತುವೆ ಮುಗಿದ ಮೇಲೆ ಜಾಗ ನೋಡಿ ಗಾಡಿ ನಿಲ್ಲಿಸಿದೆ. ಕಾಕಾ ಇಳಿದು ನೀರನ್ನೇ ನೋಡುತ್ತಾ ನಿಂತರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅದರ ಹಿನ್ನೀರು ಇದು, ಇದರ ಕೆಳಗೆ ಹಳ್ಳಿಗಳಿದ್ದವು ಅಂತ ನಾನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅವರು ಹುಟ್ಟಿದ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದಾಗ ಅದನ್ನು ಬಿಟ್ಟು ನವನಗರಕ್ಕೆ ಬಂದವರು. "ಇವರೂ ನಮ್ಮಂಗ ಮುಳುಗಡಿ ಮಂದಿ" ಅಂದರು ಕೊನೆಗೆ. ಸೇತುವೆ ಬರಲು ಇವರು ಅರವತ್ತು ವರ್ಷ ಕಾಯಬೇಕಾಯಿತಲ್ಲ ಅಂತ ಮತ್ತೆ ಮತ್ತೆ ಹೇಳಿದರು. ಇಪ್ಪತ್ತು ನಿಮಿಷ ಅಂದುಕೊಂಡಿದ್ದು ಒಂದು ತಾಸಾಯಿತು. ನಾನು ಅವಸರ ಮಾಡಲಿಲ್ಲ. ಐದು ತಾಸಿನ ಮಿತಿ ಇಟ್ಟಿದ್ದು ಇಂಥದ್ದಕ್ಕೇ.

ಚೌಡೇಶ್ವರಿ ದರ್ಶನ ಆಗಿ, ಪ್ರಸಾದದ ಊಟ ಹಗುರಾಗಿ ಮಾಡಿ, ಘಾಟ್ ಇಳಿದೆವು. ಕಾಕುಗೆ ಡಾಕ್ಟರ್ ಕೊಟ್ಟ ವಾಂತಿ ಗುಳಿಗೆಯನ್ನು ಘಾಟಿಗೆ ಅರ್ಧ ತಾಸು ಮೊದಲೇ ಕೊಟ್ಟಿದ್ದೆವು. ಕಿಟಕಿ ಸ್ವಲ್ಪ ಇಳಿಸಿ, ಮುಂದಿನ ರಸ್ತೆಯನ್ನೇ ನೋಡಿ ಅಂದೆವು. ತೊಂದರೆ ಆಗಲಿಲ್ಲ. ಸಂಜೆ ಕೊಲ್ಲೂರಿನಲ್ಲಿ ಗದ್ದಲವಿರಲಿಲ್ಲ, ಬುಧವಾರವಾದ್ದರಿಂದ ಅಂತ ಕಾಣುತ್ತದೆ. ಕಾಕು ಮೂಕಾಂಬಿಕೆಯನ್ನು ಎರಡು ಸಲ ನೋಡಿದರು, ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ. ಬೆಳಗ್ಗೆ ಸೌಪರ್ಣಿಕಾ ಹೊಳೆಯ ಹತ್ತಿರ ಹೋಗಿ ನೀರು ತಲೆಗೆ ಚಿಮುಕಿಸಿಕೊಂಡರು. ಮೆಟ್ಟಿಲು ಹಸಿಯಾಗಿರುತ್ತವೆ, ಅಲ್ಲಿ ಕೈ ಹಿಡಿದೇ ಇರಬೇಕು.

ಕೊಲ್ಲೂರಿನಿಂದ ಮುರ್ಡೇಶ್ವರಕ್ಕೆ ಫೋನಿನ ನಕ್ಷೆ ಬೈಂದೂರು ಮೇಲೆ ಹೋಗು ಅನ್ನುತ್ತದೆ. ಹತ್ತಿರದ ದಾರಿ ಅದೇ. ಆದರೆ ಹಾಗೆ ಹೋದರೆ ಮರವಂತೆ ತಪ್ಪಿಹೋಗುತ್ತದೆ. ವಂಡ್ಸೆ ಮೇಲೆ ಹೆಮ್ಮಾಡಿಗೆ ಇಳಿದು, ಅಲ್ಲಿ ಹೆದ್ದಾರಿ ಸೇರಿ ಬಲಕ್ಕೆ, ಅಂದರೆ ಉತ್ತರಕ್ಕೆ ತಿರುಗಬೇಕು. ಸ್ವಲ್ಪ ಹೊತ್ತಿಗೆ ತ್ರಾಸಿ. ತೆಂಗಿನ ಮರಗಳು ಹಿಂದೆ ಸರಿದವು, ಎಡಗಡೆ ಪೂರ್ತಿ ನೀರು. ಕಾಕಾ ಒಂದೇ ಮಾತು ಹೇಳಿದರು, "ಸಾವಕಾಶ." ಇಲ್ಲಿ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಬೆಳಗ್ಗೆ ಕೊಲ್ಲೂರಿನಲ್ಲಿ ತಲೆಗೆ ಹಾಕಿಕೊಂಡ ನೀರೇ ಇದು ಅಂದಾಗ ಕಾಕು ಕಾರಿನಲ್ಲೇ ಕೈಮುಗಿದರು. ಮರವಂತೆಯಲ್ಲಿ ನೀರಿಗೆ ಇಳಿಯಬಾರದು. ದಂಡೆಗೆ ಬಂಡೆಗಲ್ಲು ಹಾಕಿದ್ದಾರೆ, ಅಲೆ ಜೋರು. ಅದು ನೋಡುವ ಜಾಗ, ಆಡುವ ಜಾಗವಲ್ಲ. ಮಡಚುವ ಎರಡು ಕುರ್ಚಿ ತಂದಿದ್ದೆವು. ಗಾಡಿಯನ್ನು ರಸ್ತೆಯಿಂದ ಚೆನ್ನಾಗಿ ಎಡಕ್ಕೆ ಇಳಿಸಿ ನಿಲ್ಲಿಸಿ, ನೆರಳಿನಲ್ಲಿ ಕುರ್ಚಿ ಹಾಕಿದೆ. ಇಬ್ಬರೂ ಎರಡು ತಾಸು ಕೂತರು. ಕಾಕು ಡಬ್ಬಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಇಡೀ ಪ್ರವಾಸದಲ್ಲಿ ನಾವು ಕೊಂಡ ಅತಿ ಉಪಯೋಗದ ವಸ್ತು ಆ ಕುರ್ಚಿಗಳು.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಹಲವು ಕಡೆ ಕುಚ್ಚಲಕ್ಕಿ ಅನ್ನ ಬರುತ್ತದೆ. ನಮ್ಮವರಿಗೆ ರೂಢಿ ಇಲ್ಲ. "ಬೆಳ್ತಿಗೆ ಅನ್ನ" ಅಂತ ಕೇಳಿದರೆ ಬಿಳಿ ಅನ್ನ ಕೊಡುತ್ತಾರೆ. ಬನ್ಸ್ (ಬಾಳೆಹಣ್ಣು ಹಾಕಿದ ಪೂರಿ) ಸಿಹಿ ಇರುತ್ತದೆ ಅಂತ ಕಾಕಾಗೆ ಮೊದಲೇ ಹೇಳಬೇಕಾಯಿತು. ಊಟ ತಡವಾದರೆ ಸಕ್ಕರೆ ಇಳಿಯುತ್ತದೆ, ಅದಕ್ಕೆ ಗ್ಲೂಕೋಸ್ ಪುಡಿ, ಬಿಸ್ಕತ್ತು ಕಾರಿನ ಬಾಗಿಲಲ್ಲೇ ಇಟ್ಟಿದ್ದೆವು.

ಎಡವಿದ್ದು ಇಲ್ಲಿ

ಮುರ್ಡೇಶ್ವರದಲ್ಲಿ ಎರಡು ರಾತ್ರಿಗೆ ಅಂತ ಕಾದಿರಿಸಿದ್ದ ಒಂದು ವಸತಿಗೃಹಕ್ಕೆ ಅದೇ ಸಂಜೆ ಹೋದೆವು. ಫೋನಿನಲ್ಲಿ ಮೂರು ಸಲ ಕೇಳಿದ್ದೆ: ಗ್ರೌಂಡ್ ಫ್ಲೋರ್ ತಾನೆ? ಹೌದು ಅಂದಿದ್ದರು. ಗ್ರೌಂಡ್ ಫ್ಲೋರೇ. ಆದರೆ ಕಟ್ಟಡವನ್ನೇ ಎತ್ತರದ ಪಾಯದ ಮೇಲೆ ಕಟ್ಟಿದ್ದರು. ಅಂಗಳದಿಂದ ಬಾಗಿಲಿಗೆ ಹನ್ನೊಂದು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಸ್ನಾನದ ಮನೆಯ ಹೊಸ್ತಿಲು ಮತ್ತೆ ಒಂದು ಗೇಣು ಎತ್ತರ, ನೆಲ ನುಣ್ಣಗಿನ ಟೈಲ್ಸ್. ಕಾಕು ಏನೂ ಅನ್ನದೆ ನನ್ನ ಭುಜ ಹಿಡಿದು ಹತ್ತಿದರು. ಇಳಿಯುವಾಗ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಮರುದಿನ ಬೆಳಗ್ಗೆ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿದರು, ಕಣ್ಣಲ್ಲಿ ನೀರಿತ್ತು. ಎರಡನೇ ರಾತ್ರಿಯ ದುಡ್ಡು ಹೋದರೂ ಪರವಾಗಿಲ್ಲ ಅಂತ ಲಿಫ್ಟ್ ಇರುವ ಬೇರೆ ಕಡೆ ಬದಲಿಸಿದೆವು.

ಆ ಬೆಳಗ್ಗೆ ಬದಲಾದದ್ದು ನನ್ನ ಪ್ರಶ್ನೆ. ಈಗ ನಾನು "ಯಾವ ಫ್ಲೋರು" ಅಂತ ಕೇಳುವುದಿಲ್ಲ. "ಕಾರು ನಿಲ್ಲುವ ಜಾಗದಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು? ಕಂಬಿ ಇದೆಯಾ? ಹೊರಗಿನ ಮೆಟ್ಟಿಲು, ಸ್ನಾನದ ಮನೆಯ ಹೊಸ್ತಿಲು, ಕಮೋಡ್, ಮೂರರ ಫೋಟೋ ವಾಟ್ಸಾಪ್ ಮಾಡಿ" ಅನ್ನುತ್ತೇನೆ. ಗೋಕರ್ಣದ ಕೋಣೆಯನ್ನು ಆ ದಿನವೇ ಹೀಗೆ ಕೇಳಿ, ಒಂದನ್ನು ರದ್ದು ಮಾಡಿ ಇನ್ನೊಂದನ್ನು ಹಿಡಿದೆ. ಒಂದು ರಬ್ಬರ್ ಚಾಪೆಯನ್ನೂ ಕೊಂಡು ಸ್ನಾನದ ಮನೆಗೆ ಹಾಕುತ್ತಾ ಬಂದೆವು.

ಮುರ್ಡೇಶ್ವರದಿಂದ ಗೋಕರ್ಣಕ್ಕೆ

ಮುರ್ಡೇಶ್ವರದ 123 ಅಡಿ ಶಿವನ ಮೂರ್ತಿಯ ಬುಡಕ್ಕೆ ಹೋಗಲು ಮೆಟ್ಟಿಲು ಹತ್ತಬೇಕು. ಕಾಕು ಕೆಳಗಿಂದಲೇ ನೋಡಿದರು. ಆದರೆ ರಾಜಗೋಪುರಕ್ಕೆ ಲಿಫ್ಟ್ ಇದೆ. ಇದು ಮಂಡಿನೋವಿನವರಿಗೆ ದೊಡ್ಡ ವರ. ಬೆಳಗ್ಗೆ ಸಾಲು ಬೆಳೆಯುವ ಮೊದಲೇ ಹೋದೆವು. ಮೇಲಿನ ಕಿಂಡಿಯಿಂದ ಶಿವ, ಮೂರು ಕಡೆ ನೀರು, ಮೀನು ದೋಣಿಗಳು. ಒಂದು ಮೆಟ್ಟಿಲೂ ಹತ್ತದೆ ಕಾಕುಗೆ ಅಷ್ಟು ಎತ್ತರದಿಂದ ಸಮುದ್ರ ಸಿಕ್ಕಿತು.

ಸಂಜೆ ದಂಡೆಗೆ ಹೋಗುವ ಹೊತ್ತನ್ನು ಉಬ್ಬರ-ಇಳಿತ ನೋಡಿ ಗೊತ್ತುಮಾಡಿದೆ. ನಮ್ಮ ಕಡೆಯವರಿಗೆ ಇದು ಹೊಸದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ತಾಸಿಗೂ ಸ್ವಲ್ಪ ಜಾಸ್ತಿ ತಡವಾಗುತ್ತದೆ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಹಸಿ ಮರಳು ಗಟ್ಟಿಯಾಗಿ, ಸಮವಾಗಿ ಸಿಗುತ್ತದೆ. ಒಣ ಮರಳಿನಲ್ಲಿ ಪಾದ ಹೂತು ಮಂಡಿ ತಿರುಚುತ್ತದೆ. ಹುಣ್ಣಿಮೆ ಹತ್ತಿರವಿದ್ದುದರಿಂದ ನಮಗೆ ಸಂಜೆಯೇ ಇಳಿತ ಸಿಕ್ಕಿತು. ಒಣ ಮರಳಿನ ತುಂಡನ್ನು ಕೈ ಹಿಡಿದು ದಾಟಿಸಿದೆವು, ಆಮೇಲೆ ಕಾಕು ತಾವೇ ನಡೆದರು. ನೀರು ಹಿಮ್ಮಡಿಗೆ ತಾಗಿದಾಗ ಸೀರೆ ನಿರಿಗೆ ಎತ್ತಿ ಹಿಡಿದು ಚಿಕ್ಕ ಹುಡುಗಿ ಥರ ನಕ್ಕರು. ಹಿಮ್ಮಡಿಗಿಂತ ಆಳಕ್ಕೆ ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ದಂಡೆಯಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ಮರೆಯುವಂಥದ್ದಲ್ಲ. ಆರೂವರೆ ಹೊತ್ತಿಗೆ ಸೂರ್ಯ ಮುಳುಗಿದ. ಕಾಕಾ ಕಾಕುವಿನ ಕೈ ಹಿಡಿದು ನಿಂತಿದ್ದರು. ಅವರು ಹಾಗೆ ಎಲ್ಲರ ಮುಂದೆ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋಟೋ ತೆಗೆಯಲಿಲ್ಲ.

ಐದನೇ ದಿನ ಇಡಗುಂಜಿ ಗಣಪತಿ ನೋಡಿಕೊಂಡು ಕಾಸರಕೋಡಿಗೆ ಬಂದೆವು. ಈ ಊರಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ದಂಡೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತು. ನಡೆಯಲು ಕಟ್ಟಿದ ದಾರಿ, ಶೌಚಾಲಯ ಇವೆ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ಗಿಡಗಳ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ನಡುವೆ ಮರದ ಹಲಗೆಯ ದಾರಿ. ಕಾಕು ಕೋಲು ಊರಿಕೊಂಡು ಕೊನೆವರೆಗೂ ಹೋಗಿ ಬಂದರು. ಆಮೇಲೆ ಹೊನ್ನಾವರದ ಸೇತುವೆ. ಕಾಕಾ ತಾವಾಗಿಯೇ ಕೇಳಿದರು, "ಇದು ಆ ಸಿಗಂದೂರಿನ ನೀರs ಏನು?" ಹೌದು ಅಂದೆ. ಅಲ್ಲಿಂದ ಜೋಗದಲ್ಲಿ ಧುಮುಕಿ, ಇಲ್ಲಿ ಸಮುದ್ರ ಸೇರುವುದು. ಜೋಗ ಬಿಟ್ಟಿದ್ದರೂ ನದಿಯ ಎರಡು ತುದಿ ಅವರು ನೋಡಿದಂತಾಯಿತು.

ಮಾದನಗೇರಿ ಕ್ರಾಸಿನಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ. ಗುಡಿಯ ಓಣಿಗಳು ಇಕ್ಕಟ್ಟು, ಕಾರು ಬಿಟ್ಟು ಆಟೋ ಹಿಡಿದೆವು. ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಒಳಗೆ ಹೋಗಬೇಕು. ಪಂಚೆ ಮನೆಯಿಂದಲೇ ತಂದಿದ್ದೆವು. ಓಂ ಬೀಚ್, ಕುಡ್ಲೆ ಬೀಚ್ ಅಂತ ಎಲ್ಲರೂ ಹೇಳುತ್ತಾರೆ, ಅಲ್ಲಿಗೆ ಮೆಟ್ಟಿಲು ಇಳಿಯಬೇಕು. ಗುಡಿಯ ಹಿಂದಿನ ದೊಡ್ಡ ದಂಡೆಗೆ ಸಮ ದಾರಿ ಇದೆ, ವಯಸ್ಸಾದವರಿಗೆ ಅದೇ ಸರಿ. ಅಲ್ಲಿ ಮತ್ತೆ ಕುರ್ಚಿ, ಮತ್ತೆ ಸೂರ್ಯಾಸ್ತ. ಒಂದೇ ರಾತ್ರಿ ಇಟ್ಟದ್ದು ಕಡಿಮೆಯಾಯಿತು ಅಂತ ನನಗೆ ಅಲ್ಲೇ ಅನ್ನಿಸಿತು.

ಮರಳಿ ಬಂದದ್ದು, ಬದಲಿಸಬೇಕಾದ್ದು

ಆರನೇ ದಿನ ಶಿರೂರು ದಾಟುವಾಗ ಕಾಕಾ ಗುಡ್ಡ ಕುಸಿದ ಜಾಗ ನೋಡಿ ಟೊಪ್ಪಿಗೆ ತೆಗೆದರು. ಹಾಗೆ ಕುಸಿದಾಗ ಗಾಡಿಯಲ್ಲಿ ಕೂತ ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ ಅಂದರು. ಅಂಕೋಲಾದಲ್ಲಿ ಸಮುದ್ರಕ್ಕೆ ಬೆನ್ನು ತಿರುಗಿಸಿ ಹೆದ್ದಾರಿ 52 ಹಿಡಿದೆವು. ವಿಜಯಪುರದಿಂದ ನಮ್ಮ ಗದ್ದನಕೇರಿ ಕ್ರಾಸ್ ಮೇಲೆ ಬರುವ ರಸ್ತೆಯೇ ಇದು, ಇಲ್ಲಿ ಬಂದು ಮುಗಿಯುತ್ತದೆ. ಅರಬೈಲ್ ಘಾಟಿನಲ್ಲಿ ಲಾರಿ ಸಾಲು. ಹಿಂದೆ ಹಾಕುವ ಗೋಜಿಗೆ ಹೋಗದೆ ಲಾರಿಯ ಹಿಂದೆಯೇ ಹತ್ತಿದೆ. ಆ ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿಯ ಮನೆ. ಒಂದೇ ದಿನದಲ್ಲಿ ಬಾಗಲಕೋಟೆ ಮುಟ್ಟಬಹುದಿತ್ತು, ಆದರೆ ಏಳು ತಾಸಿಗೂ ಜಾಸ್ತಿ ಆಗುತ್ತಿತ್ತು. ಮರುದಿನ ಮಧ್ಯಾಹ್ನ ಮನೆ. ಕಾಕಾಗೆ ಕಾಲಿಗೆ ಬಾವು ಬಂದಿರಲಿಲ್ಲ. ಕಾಕುಗೆ ಆ ಹನ್ನೊಂದು ಮೆಟ್ಟಿಲಿನ ನೋವು ಮಾತ್ರ ವಾರ ಪೂರ್ತಿ ಇತ್ತು.

ಮತ್ತೆ ಮಾಡಿದರೂ ಮೊದಲ ರಾತ್ರಿ ಶಿರಸಿಯಲ್ಲೇ ಮಲಗುತ್ತೇನೆ, ಸಾಗರ ಮೊದಲ ದಿನಕ್ಕೆ ದೂರ. ಆದರೆ ಕೊಲ್ಲೂರಿನಿಂದ ಇನ್ನೂ ಬೇಗ ಬಿಟ್ಟು ಮರವಂತೆಗೆ ಬಿಸಿಲೇರುವ ಮೊದಲು ಬರುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಸೆಕೆ ಜಾಸ್ತಿಯಾಗಿ ಕಾಕಾ ಬೆವತುಹೋದರು. ಗೋಕರ್ಣಕ್ಕೆ ಎರಡು ರಾತ್ರಿ. ಕೋಣೆಗೆ ಡೀಸೆಲ್‌ಗಿಂತ ಜಾಸ್ತಿ ದುಡ್ಡು ಇಡಬೇಕು. ಎಲ್ಲಿ ಉಳಿಸಿದರೂ ಅಲ್ಲಿ ಉಳಿಸಬಾರದು.

ಕಾಕಾ ಈಗ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದಾರೆ. ಕಾರವಾರ ಉಳಿದಿದೆ ಅಂತ ಕೆಂಪು ಪೆನ್ನಿನಲ್ಲಿ ಗುಂಡಗೆ ಬರೆದಿದ್ದಾರೆ. ಅಂಕೋಲಾದಿಂದ ಕಾರವಾರಕ್ಕೆ ಹೋಗುವಾಗ ಸಮುದ್ರ ಎಡಕ್ಕೇ ಬರುತ್ತದೆ, ಅದನ್ನೂ ನೋಡಿಟ್ಟುಕೊಂಡಿದ್ದಾರೆ. ಕಾಕು ಅಂಕೋಲೆಯ ಕರಿ ಇಶಾಡ್ ಮಾವಿನಹಣ್ಣಿನ ಹೆಸರು ಕೇಳಿಬಂದಿದ್ದಾರೆ. ಅದು ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ, ಆ ಸೆಕೆ ನಿಮಗೆ ಆಗುವುದಿಲ್ಲ ಅಂದೆ. "ಹಣ್ಣು ಹುಬ್ಬಳ್ಳಿಗೆ ತರಿಸು, ನಾವು ದೀಪಾವಳಿ ಆದ ಮ್ಯಾಲ ಹೋಗೂಣು" ಅಂದಿದ್ದಾರೆ. ನವೆಂಬರಿಗೆ ಕಾರವಾರದಲ್ಲಿ ಕೋಣೆ ಹುಡುಕುತ್ತಿದ್ದೇನೆ. ಇಬ್ಬರು ಮೆಟ್ಟಿಲಿನ ಫೋಟೋ ಕಳಿಸಿದ್ದಾರೆ, ಮೂರನೆಯವರದು ಇನ್ನೂ ಬಂದಿಲ್ಲ.